ಹಂಡಜ್ಜ

ನಾನು ಹೆಳವ. ಊರೂರಿನವರ ಅಜ್ಜಂದಿರನ್ನು
ಹೆಗಲ ಚೀಲದಲ್ಲಿ ಹೊತ್ತು ತಿರುಗುವವನು.
ಮೊದಲು ಎತ್ತಿನ ಮೇಲೆ, ಈಗ ಟಿವಿಎಸ್ ಮೇಲೆ.
ಹ್ಯಾಂಡಲಿಗೆ ಅದೇ ಗಂಟೆ ಕಟ್ಟಿದ್ದೇನೆ,
ಗುಂಡಿ ಬಂದಾಗ ತಾನೇ ಬಾರಿಸಿಕೊಳ್ಳುತ್ತದೆ.

ಮಧುಗಿರಿ ದಾಟಿ, ಜಯಮಂಗಲಿಯ ಮರಳು ದಾಟಿ
ತೊಗರಿಗುಂಟೆ ಅಂತ ಒಂದು ಊರು.
ಮೂವತ್ತಾರು ಮನೆ, ನಮ್ಮ ತಾತನ ಪಾಲಿಗೆ ಬಂದದ್ದು.
ಮೂರು ವರ್ಷಕ್ಕೊಮ್ಮೆ ಹೋಗಿ
ಹುಟ್ಟಿದವರನ್ನು ಸತ್ತವರ ಕೆಳಗೆ ಬರೆದುಕೊಂಡು
ರಾಗಿ ಅಳೆಸಿಕೊಂಡು ಬರುತ್ತೇನೆ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು.
ದಾರಿಯಲ್ಲಿ ಹಿಡಿದ ಉತ್ತರೆ ಮಳೆಗೆ ಕಡತ ನೆನೆದಿತ್ತು.
ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು
ಬಳಪದಲ್ಲಿ ಬರೆದ ಕಡತ. ಒರೆಸಿದರೆ ಹೋಗುತ್ತದೆ,
ಅದಕ್ಕೇ ಬಾಯಲ್ಲೂ ಇಟ್ಟುಕೋ ಅನ್ನುತ್ತಿದ್ದ ನಮ್ಮಪ್ಪ.

ಈರಗ್ಯಾತಪ್ಪನ ಜಗಲಿಯಲ್ಲಿ ಕಂಬಳಿ ಹಾಸಿತ್ತು.
ಶುರು ಮಾಡಿದೆ:
ಬಡಗಣ ದಿಕ್ಕಿನಿಂದ ಏಳು ಬಂಡಿ ಬಂದವು,
ಆರು ಬಂಡಿ ಹೊಳೆ ದಾಟಿದವು,
ಏಳನೆಯದರ ಅಚ್ಚು ಮುರಿಯಿತು.
ಮುರಿದ ಅಚ್ಚನ್ನೇ ನೆಲಕ್ಕೆ ನೆಟ್ಟು
ಇನ್ನು ಇದೇ ನಮ್ಮ ಊರು ಎಂದವನು,
ನಿಮ್ಮ ಮೂಲಪುರುಷ,
ಅಚ್ಚಿನೋರ ಬೆಡಗಿನ ಬೇರು, ಅವನ ಹೆಸರು

ಹೆಸರಿದ್ದ ಮಡಿಕೆಯಲ್ಲಿ ಬರೀ ಬೂದಿಬಣ್ಣ.

ಬಾಯಲ್ಲಿತ್ತು. ಆ ಹೊತ್ತಿಗೆ ಇರಲಿಲ್ಲ.
ಮುದುಕಿಯರು ಎಲೆಯಡಿಕೆ ಜಗಿಯುವುದು ನಿಲ್ಲಿಸಿದರು.
ಒಂದು ಮಗುವೂ ಅಳಲಿಲ್ಲ, ಅತ್ತಿದ್ದರೆ ಬಚಾವಾಗುತ್ತಿದ್ದೆ.
ಹಿಂದಿನ ವಾರವಷ್ಟೇ ನನ್ನ ಎತ್ತು
ಹೊಳೆಯ ಮರಳಗುಂಡಿಯಲ್ಲಿ ಕಾಲು ಮುರಿದು ಸತ್ತಿತ್ತು.
ಗಂಟೆಯನ್ನು ಕೈಯಲ್ಲಿ ಹಿಡಿದು ನಡೆದೇ ಬಂದಿದ್ದೆ.
ಹನ್ನೊಂದು ವರ್ಷ ಹೊತ್ತ ಎತ್ತು, ಕಪ್ಪು ಬಿಳಿ ಮಚ್ಚೆಯ ಹಂಡ.
ನಾಲಿಗೆಯ ಮೇಲಿದ್ದದ್ದು ಅದೊಂದೇ ಹೆಸರು.

"ಹಂಡಜ್ಜ" ಎಂದೆ.

ಊರು ಉಸಿರು ಬಿಟ್ಟಿತು.
"ಊಂ ಮತ್ತೆ, ನಮ್ಮವ್ವನೂ ಅಂಗೇ ಅಂತಿದ್ಲು" ಅಂದಳು
ತೊಂಬತ್ತು ದಾಟಿದ ದೊಡ್ಡೀರಮ್ಮ.
ಅವಳನ್ನು ನಾನಿನ್ನೂ ಕ್ಷಮಿಸಿಲ್ಲ.

ಮುಂದಿನ ಸಲ ಹೋದರೆ ತೊಟ್ಟಿಲಲ್ಲಿ ಒಬ್ಬ ಹಂಡಣ್ಣ.
ಅದರ ಮುಂದಿನ ಸಲ, ಹಂಡೇಶ್.
ಊರಬಾಗಿಲಿಗೆ ಸಿಮೆಂಟಿನ ಕಮಾನು, ಶ್ರೀ ಹಂಡಜ್ಜ ಮಹಾದ್ವಾರ.
ಕರಿಕಲ್ಲಿನ ಮೂರ್ತಿ, ಹುರಿಮೀಸೆ, ಕೈಯಲ್ಲಿ ಮುರಿದ ಅಚ್ಚು.
ಬಂಡೆಯ ಮೇಲೆ ಅವನ ಹೆಜ್ಜೆಯೂ ಸಿಕ್ಕಿದೆ,
ನಡುವೆ ಸೀಳಿದ ಹೆಜ್ಜೆ.
"ಅಜ್ಜನ ಪಾದ ಎತ್ತಿನ ಗೊರಸಿನಂಗಿತ್ತಂತೆ, ದೈವಾಂಶ"
ಎಂದು ನನಗೇ ತೋರಿಸಿದರು. ಕೈ ಮುಗಿದೆ.
ಹೊಳೆಯಾಚೆಯವರು ಹಂಡಜ್ಜ ತಮ್ಮವನೆಂದು
ಕೋರ್ಟಿಗೆ ಹೋಗಿದ್ದಾರೆ. ನನ್ನ ಕಡತವೇ ಸಾಕ್ಷಿ.

ಹಳೆಯ ಹೆಸರು ನೆನಪಾಗದೆ ಇಲ್ಲ.
ಐದು ವರ್ಷ ಕಳೆದು, ಕೊರಟಗೆರೆಯ ಪಂಕ್ಚರ್ ಅಂಗಡಿಯಲ್ಲಿ,
ಟ್ಯೂಬನ್ನು ನೀರಲ್ಲಿ ಅದ್ದಿದಾಗ
ಗುಳ್ಳೆಯ ಹಾಗೆ ತಾನೇ ಮೇಲೆ ಬಂತು.
ಬಡ ಹೆಸರು. ಎರಡೇ ಅಕ್ಷರ.
ಯಾರಿಗೂ ಹೇಳಲಿಲ್ಲ, ನಿಮಗೂ ಹೇಳುವುದಿಲ್ಲ.
ಎಲ್ಲರ ವಂಶ ಹಾಡುವ ಹೆಳವನ ವಂಶ ಹಾಡುವವರು ಯಾರೂ ಇಲ್ಲ.
ಆ ಅಚ್ಚು ನೆಟ್ಟವನು ಈಗ ನನ್ನೊಬ್ಬನ ಅಜ್ಜ.

ಹೋದ ಸಲ, ಊರು ಮಲಗಿದ ಮೇಲೆ
ಮೂರ್ತಿಯ ಮುಂದೆ ಒಂದು ಹಿಡಿ ನೆನೆಸಿದ ಹುರುಳಿ ಇಟ್ಟೆ.
ಗಂಗೆದೊಗಲು ಇರಬೇಕಾದ ಕಡೆ, ಕತ್ತಿನ ಕೆಳಗೆ, ತುರಿಸಿದೆ.
ಕಲ್ಲು. ಆದರೂ ತುರಿಸಿದೆ.

ಯಾರೋ ನೋಡಿರಬೇಕು.

ಈ ಸಲ ಎಲ್ಲರ ತಟ್ಟೆಯಲ್ಲೂ ಹುರುಳಿ.
ಹೆಂಗಸರು ಸಾಲಾಗಿ ಬಂದು ಕಲ್ಲಿನ ಕತ್ತು ತುರಿಸುತ್ತಿದ್ದಾರೆ,
ಆಗಲೇ ಅಲ್ಲಿ ನುಣುಪು ಕೂತಿದೆ.
ಹಂಡೇಶ್ ಫೋನಲ್ಲಿ ರೆಕಾರ್ಡ್ ಒತ್ತಿ ಮುಂದಿಟ್ಟು ಕೇಳಿದ:
"ಅಜ್ಜನಿಗೆ ಹುರುಳಿ ಯಾಕೆ ಹೆಳವಣ್ಣ?
ಕಡತ ನೋಡಿ ಹೇಳು."

ಜಗಲಿಯಲ್ಲಿ ಕಂಬಳಿ ಹಾಸಿತ್ತು.
ಮಡಿಕೆ ಬಿಚ್ಚಿದೆ.