ನೂರಿಪ್ಪತ್ತು ಓಮ್

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬೆನ್ನಿಗೇ ಇರುವ
ಈ ರಂಗಮಂದಿರದಲ್ಲಿ
ಮೊದಲ ಕೆಲಸ ಒರೆಸುವುದು.
ಹೊಗೆಯ ಮಸಿ
ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಲೆನ್ಸಿಗೂ ಹೇಗೋ ಬಂದು ಕೂರುತ್ತದೆ.
ಬಾಯಾವಿ ಊದಿ, ಹಳೇ ಬನಿಯನ್ನಿನ ತುಂಡಿನಲ್ಲಿ
ಹನ್ನೆರಡು ಕಣ್ಣುಗಳನ್ನೂ ಒರೆಸಿದೆ.
ಕೆಳಗೆ ತಿಪ್ಪೇಶ
ಒಂದು ಕೈಲಿ ಏಣಿ, ಇನ್ನೊಂದರಲ್ಲಿ ಫೋನು.

ಕ್ಲ್ಯಾಂಪ್ ಬಿಗಿದ ಮೇಲೂ ಸರಪಳಿ.
ಕಬ್ಬಿಣವನ್ನು ನಂಬಬೇಕು,
ಒಂದೇ ಕಬ್ಬಿಣವನ್ನಲ್ಲ.

ಆಮೇಲೆ ವಿಳಾಸ.
ಒಂದೊಂದು ದೀಪದ ಬೆನ್ನಿಗೂ ಹಾಲುಹಲ್ಲಿನಂಥ ಸ್ವಿಚ್ಚುಗಳ ಸಾಲು:
ಒಂದು, ಎರಡು, ನಾಲ್ಕು, ಎಂಟು, ಹದಿನಾರು...
ಬೇಕಾದ್ದನ್ನು ಉಗುರಿನಲ್ಲಿ ಎತ್ತಿ ಕೂಡಿಸಬೇಕು.
ನಾಲ್ಕನೇ ದೀಪಕ್ಕೆ ಇಪ್ಪತ್ತೈದು:
ಹದಿನಾರು, ಎಂಟು, ಒಂದು.
ಇದನ್ನು ಐಟಿಐಯಲ್ಲಿ ಕಲಿಯಲಿಲ್ಲ ನಾನು.
ಮಂಡಕ್ಕಿ ಅಳೆಯುತ್ತಿದ್ದ ಅಮ್ಮನ ಮುಂದೆ
ಅರೆಪಾವು, ಪಾವು, ಅಚ್ಚೇರು, ಸೇರು,
ಪ್ರತಿಯೊಂದೂ ಹಿಂದಿನದರ ಎರಡರಷ್ಟು,
ಒಂದರೊಳಗೊಂದು ಕೂತು ನಗುತ್ತಿದ್ದವು.

ಎರಡು ದೀಪಕ್ಕೆ ಒಂದೇ ವಿಳಾಸ ಬಿದ್ದರೆ
ಒಂದನ್ನು ಬೈದಾಗ ಎರಡೂ ಅಳುತ್ತವೆ.

ಕೇಬಲ್ಲು ಒಂದರ ಬಾಯಿಂದ ಇನ್ನೊಂದರ ಕಿವಿಗೆ.
ಹೀಗೆ ಹನ್ನೆರಡರವರೆಗೆ.
ಬೋರ್ಡಿನಿಂದ ನೀಲಿ ಎಂದೆ, ಒಂಬತ್ತು ನೀಲಿಯಾದವು.
ಕೊನೆಯ ಮೂರು ನಡುಗತೊಡಗಿದವು,
ಒಮ್ಮೆ ಬಿಳಿ, ಒಮ್ಮೆ ಏನೂ ಇಲ್ಲ.

‘ಏನು ಕೊಟ್ರವ್ವಾ, ಚಳಿಜ್ವರ ಬಂದೈತೇನು ಅದಕ್ಕ?’
ಚಮನ್‌ಸಾಬ್. ಯಾವಾಗ ಬಂದು ಕೂತಿದ್ದನೋ.

ಕಂಪನಿ ನಾಟಕದಲ್ಲಿ ನಾಲ್ಕು ಪಿಂಗಾಣಿ ಜಾಡಿ ಇಟ್ಟುಕೊಂಡು
ಬೆಳಗು ಮಾಡುತ್ತಿದ್ದವನು.
ಜಾಡಿಯಲ್ಲಿ ಉಪ್ಪುನೀರು, ಹಗ್ಗದ ತುದಿಗೆ ಸೀಸದ ತಗಡು.
ತಗಡು ಇಳಿದಷ್ಟೂ ದೀಪ ಏರುತ್ತಿತ್ತಂತೆ.
ಒಂದು ಹಿಡಿ ಉಪ್ಪಿಗೆ ಒಂದು ಬೆಳಗು.
ಒಮ್ಮೆ ಯಾರೋ ಎರಡು ಹಿಡಿ ಸುರಿದು
ಸಾಯಬೇಕಾದ ರಾಜನ ಮೇಲೆ ಮಟಮಟ ಮಧ್ಯಾಹ್ನ.
ರಾಜ ಕಣ್ಣು ಕಿರಿದು ಮಾಡಿಕೊಂಡೇ ಸತ್ತ.

ನಾನೆಂದೆ:
ಮಾತು ಕೊನೇ ದೀಪದ ತನಕ ಹೋಗ್ತೈತಿ ಕಾಕಾ,
ಮುಂದೆ ದಾರಿ ಇಲ್ಲ. ತಿರುಗಿ ಬರ್ತೈತಿ.
ಹೋಗೋ ಮಾತಿಗೆ ಬರೋ ಮಾತು ಡಿಕ್ಕಿ.

ಆತ ಎಲೆಯಡಿಕೆ ಅತ್ತ ಸರಿಸಿದ.
‘ಖಾಲಿ ಥೇಟರಿನಾಗ ತಾಲೀಮು ಮಾಡಿದ್ರ ಹಿಂಗಾ ಆಗೋದು.
ದನಿ ಹಿಂದಿನ ತಗಡಿಗೆ ಬಡಿದು ಮುಖಕ್ಕೇ ವಾಪಸ್ಸು.
ಮಾಲಕರು ಅಡಿಗಿಯೋರನ್ನ, ಗೇಟಿನೋರನ್ನ, ಹುಡುಗ್ರನ್ನ
ಕರೆಸಿ ಕಡೀ ಸಾಲಿನಾಗ ಕುಂದರ್ಸೋರು.
ನುಂಗೋರು ಬೇಕವ್ವ, ತುದೀಗೆ.’

ಡಬ್ಬಿ ಕೆದಕಿದೆ. ಸಿಕ್ಕಿತು.
ಮಂಡಕ್ಕಿ ಕಾಳಿನಷ್ಟು ರೆಸಿಸ್ಟರ್,
ಮೈಗೆ ಕಂದು, ಕೆಂಪು, ಕಂದು ಬಳೆ.
‘ಎಷ್ಟಕ್ಕಾ?’
‘ನೂರಿಪ್ಪತ್ತು ಓಮ್.’
‘ನೂರೆಂಟಲ್ಲೇನು?’ ಎಂದ ತಿಪ್ಪೇಶ,
ಫೋನಿನಿಂದ ತಲೆ ಎತ್ತದೆ.

ಎರಡನೇ ಪಿನ್ನಿಗೂ ಮೂರನೆಯದಕ್ಕೂ ನಡುವೆ
ಬೆಸುಗೆ. ರಾಳದ ಹೊಗೆ ಕಣ್ಣಿಗೆ.
ಹನ್ನೆರಡನೆಯದರ ತೆರೆದ ಬಾಯಿಗೆ ಆ ಪ್ಲಗ್ಗು ಒತ್ತಿದೆ.
ನಡುಕ ನಿಂತಿತು.
ಸಾಲಿಡೀ ನೀಲಿ. ಮೇಲೆ ಫ್ಯಾನಿನ ಸದ್ದು ಮಾತ್ರ.

‘ಒಮ್ಮೆ ಮುಟ್ಲೇನು?’ ಎಂದ ಚಮನ್‌ಸಾಬ್.
ಬೋರ್ಡಿನ ಮುಂದೆ ಕೂರಿಸಿ
ಮುಂಜಾವಿನ ಬಣ್ಣ ಕಟ್ಟಿ, ಅರ್ಧಕ್ಕೆ ನಿಲ್ಲಿಸಿ ಕೊಟ್ಟೆ.
ತುದಿ ಬೆಳ್ಳಗಾದ ಎರಡು ಬೆರಳು ಫೇಡರಿನ ಮೇಲೆ.
ಕಣ್ಣು ವೇದಿಕೆಯ ಕಡೆ.
ಬೆಳಗು ಏರಿಸಲೆಂದು
ನಿಧಾನ, ಬಲು ನಿಧಾನ
ಕೆಳಕ್ಕೆಳೆದ.

ಕತ್ತಲು.
‘ಯಾರಲೇ ಕರೆಂಟ್ ತೆಗ್ದೋರು?’ ತಿಪ್ಪೇಶ ಕೂಗಿದ.
ಕತ್ತಲೊಳಗಿಂದ ಮುದುಕನ ನಗು,
ಆಮೇಲೆ ಕೆಮ್ಮು.
‘ಇಲ್ಲಿ ತಗಡಿಲ್ಲ ಅಂಬೋದು ಮರ್ತೆ ನೋಡು.’

ಈ ಸಲ ಮೇಲೆ ತಳ್ಳಿದ.
ಹಿಂದಿನ ಬಿಳಿ ಪರದೆಯ ಬುಡದಿಂದ
ಕೇಸರಿ ಎದ್ದು ಬಂತು, ಒಂದು ಹನಿ ನೀರಿಲ್ಲದೆ,
ಎಲ್ಲೂ ತಡವರಿಸದೆ.
ಬಹಳ ಹೊತ್ತು ನೋಡಿದ.

‘ಚಂದೈತಿ’ ಎಂದ.
‘ಸ್ವಲ್ಪ ಸಪ್ಪೆ.’

ಅಂಬರ್ ಇನ್ನೊಂದು ಹತ್ತು ಸೇರಿಸಿದೆ.