ಮೂರರಲ್ಲೊಂದು ಪಾಲು

ಬೋಗಾದಿ ರಿಂಗ್ ರಸ್ತೆಯಾಚೆ ಮೂವತ್ತು ನಲವತ್ತರ ಸೈಟು.
ಮನೆ ನುಂಗಿ ಉಳಿಸಿದ್ದು ಮುಂದುಗಡೆ
ಹತ್ತಡಿ ಕೆಮ್ಮಣ್ಣು.
ಹುಲ್ಲು ಹಾಸೋಣ ಎಂದರು ಇವರು,
ಸುರುಳಿ ಬಿಚ್ಚಿದರೆ ಸಾಕು, ಚಾಪೆಯ ಹಾಗೆ.
ನಾನು ಕಲ್ಲು ಎಂದೆ.
ಯಾಕೆ ಎಂದಿದ್ದರೆ ಹೇಳಲು ಬರುತ್ತಿರಲಿಲ್ಲ.
ಪುಣ್ಯಕ್ಕೆ, ಎಷ್ಟು ಎಂದಷ್ಟೇ ಕೇಳಿದರು.

ಚಿನಕುರಳಿ ಕಡೆಯಿಂದ ಬಂತು,
ಯಾರದೋ ಹುರುಳಿ ಹೊಲದ ಬದುವಿನಿಂದೆದ್ದು
ಟ್ರ್ಯಾಕ್ಟರಿನಲ್ಲಿ ಹಳೇ ಟೈರುಗಳ ಮೇಲೆ ಮಲಗಿ,
ಒಂದು ದೊಡ್ಡದು, ಎರಡು ಮರಿ.
ಜೊತೆಗೆ ದಾಸಭೋವಿ, ಹಾರೆ, ಸರಪಳಿ,
ಚೀಲದ ತುಂಬ ಹುಣಸೆಮರದ ತುಂಡು.
ದೊಡ್ಡದರ ನೆತ್ತಿಗೆ ಸುಣ್ಣದ ಗುರುತು,
ಪಕ್ಕೆಗೆ ಇನ್ನೊಂದು ಗೀಟು.
'ಇದೇನು?'
'ಇದು ಮೇಲುಮಕ. ಇದು ಮೂಡ್ಲು.
ಅಲ್ಲಿ ಹೆಂಗೆ ಕುಂತಿತ್ತೋ ಇಲ್ಲೂ ಹಂಗೇ ಕುಂತ್ಕಳ್ಳಿ.
ಮಕ ತಿರುವಿದ್ರೆ ಮೈಮ್ಯಾಗಿಂದು ಸಾಯ್ತದೆ ಕನವ್ವ.'

ನೋಡಿದೆ: ಬಡಗಣ ಪಕ್ಕೆಗೆ ಬೂದು, ಹಳದಿ,
ಚುಕ್ಕಿ ಚುಕ್ಕಿಯಾಗಿ ಅಂಟಿದ ಕಲ್ಲುಹೂವು.
ಉಗುರಿನಷ್ಟಗಲವಾಗಲು
ಎಷ್ಟು ಮಳೆಗಾಲ ಬೇಕಾಯಿತೋ.

ಆಮೇಲೆ ಗುಂಡಿ ತೋಡಿದ.
ತೋಡುತ್ತಲೇ ಹೋದ. ಮೊಣಕಾಲುದ್ದ.
ಇವರು ಮೆಟ್ಟಿಲಿಳಿದು ಬಂದರು:
'ಬಾಡಿಗೆ ಸೇರಿ ಒಂಬತ್ತು ಸಾವಿರದ ಕಲ್ಲನ್ನು
ಮಣ್ಣುಪಾಲು ಮಾಡ್ತೀಯೇನಪ್ಪ?'
ದಾಸಭೋವಿ ಬೆವರೊರೆಸಿದ.
'ಮೂರರಲ್ಲೊಂದು ಪಾಲು ಒಳಗಿರಬೇಕು ಸಾ.
ಮ್ಯಾಲಿದ್ರೆ ಅದು ಲಾರಿಯಿಂದ ಬಿದ್ದ ಕಲ್ಲು.
ಒಳಗೋದ್ರೆ ಇಲ್ಲೇ ಹುಟ್ಟಿದ ಕಲ್ಲು.
ಇಕ್ಕೋದು ಬ್ಯಾರೆ, ಮಡಗೋದು ಬ್ಯಾರೆ.'

ಮರಿಗಳನ್ನು ಹತ್ತಿರ ತಾ ಎಂದೆ,
ತಾಯಿ ಮಕ್ಕಳಂತೆ ಕಾಣಲೆಂದು.
ನಕ್ಕ. ಹಾರೆಯ ತುದಿಯಿಂದ ಮೀಟಿ ಮೀಟಿ
ಒಂದನ್ನು ಗೇಟಿನತ್ತ, ಒಂದನ್ನು ನಲ್ಲಿಯ ಬಳಿಗೆ ಸರಿಸಿದ.
'ಮೂರು ಕಲ್ಲು ಹತ್ರ ಮಡಗಿದ್ರೆ ಒಲೆ,
ದೂರ ಮಡಗಿದ್ರೆ ಬೆಟ್ಟ.'

ಹೊತ್ತಿಳಿದಾಗ ಟೀ ಕೊಟ್ಟೆ.
ಮೂವತ್ತೊಂದು ವರ್ಷ ಜಲ್ಲಿ ಒಡೆದವನಂತೆ.
ಈ ಊರಿನ ಎಷ್ಟು ತಾರಸಿಯೊಳಗೆ
ಅವನ ಸುತ್ತಿಗೆಯ ಪೆಟ್ಟಿದೆಯೋ.
ಮುಂಗೈ ಚರ್ಮದಡಿ ಒಂದು ಚೂರು ಇನ್ನೂ ಇದೆ,
ಹುರುಳಿಕಾಳಿನಷ್ಟು. ಒತ್ತಿ ತೋರಿಸಿದ. ನೋವಿಲ್ಲವಂತೆ.
'ಒಡೀದೆ ಮಡಗಿದ್ದು ಇದೇ ಮೊದ್ಲು' ಎಂದ.
ನಾನು ಬೇಡವೆನ್ನುವಷ್ಟರಲ್ಲಿ
ಲೋಟ ತೊಳೆದು ಬೋರಲು ಹಾಕಿ ಹೋದ.

ಯಾರೋ ಹೇಳಿದರೆಂದು ಕಲ್ಲಿಗೆ ಮಜ್ಜಿಗೆ ಎರಚಿದೆ, ಪಾಚಿ ಹಿಡಿಯಲಿ ಎಂದು.
ಇರುವೆ ಬಂದವು.
ಬುಡಕ್ಕೆ ಒಂದೆಲಗ ಊರಿದೆ, ಅದು ಹಬ್ಬಿತು;
ಸಂದಿನಲ್ಲಿ ಕಪ್ಪೆಯೊಂದು ಬಿಡಾರ ಹೂಡಿತು.
ಸಂಜೆ ಕಲ್ಲಿನ ಮೇಲೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದೆ.

ಆಷಾಢದ ಮೊದಲ ಶುಕ್ರವಾರ ಬಾಗಿಲು ತೆಗೆದರೆ
ಕಲ್ಲಿನ ಹಣೆಗೆ ಕುಂಕುಮ, ನೆತ್ತಿಗೆ ಎರಡು ಕಣಗಿಲೆ.
ಎದುರುಮನೆಯ ಲಿಂಗಾಜಮ್ಮಣ್ಣಿಯವರು.
ಮಂಡಿನೋವು, ಈ ಸಲ ಬೆಟ್ಟ ಹತ್ತಲಾಗಲಿಲ್ಲವಂತೆ.
'ನಿಮ್ಮ ಕಲ್ಲೂ ಒಂಥರಾ ಬೆಟ್ಟವೇ ಅಲ್ಲವೇ ಮಗು?'
ಅಲ್ಲವೆನ್ನಲು ಬಾಯಿ ಬರಲಿಲ್ಲ.
ಅಂದಿನಿಂದ ಅದರ ಮೇಲೆ ಕೂರಲು ಧೈರ್ಯವಾಗಲಿಲ್ಲ.
ಇವರು ಒದ್ದೆ ಟವೆಲು ಹರವುವುದನ್ನು ಬಿಟ್ಟರು.
ಬೆಕ್ಕೊಂದೇ ಎಂದಿನಂತೆ.

ದೀಪಾವಳಿಗೆ ಮೊದಲು ದಾಸಭೋವಿ ಬಂದ,
ಬಾಕಿ ಐನೂರಕ್ಕೆ.
ನೋಡಿದ. ತುಟಿ ಕಚ್ಚಿದರೂ ನಗು ನಿಲ್ಲಲಿಲ್ಲ.
'ಕುಂತ್ಕಳಕ್ಕೆ ಅಂತ ಮಡಗಿಕೊಟ್ರೆ
ಕೈಮುಗಿಯಕ್ಕೆ ಸುರು ಮಾಡ್ಬುಟ್ರಲ್ಲವ್ವ!'
ಹೂವೆರಡನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿ
ಕುಂತ, ನೆಂಟರ ಮನೆಯ ಜಗಲಿಯಲ್ಲಿ ಕುಂತಂತೆ.
ಅಂಗೈಯಿಂದ ಕಲ್ಲು ತಟ್ಟಿದ, ಅಲುಗಾಡುತ್ತದೇನೋ ಎಂದು.
ಇಲ್ಲ.
ಟೀ ತಂದೆ. ನನ್ನದನ್ನೂ ಅಲ್ಲಿಗೇ ತಂದೆ.

ಬಿಸಿಲುಂಡ ಕಲ್ಲು ಇನ್ನೂ ಬೆಚ್ಚಗಿತ್ತು.
ಎದುರು ಕಿಟಕಿಯ ಪರದೆ ಒಮ್ಮೆ ಅಲುಗಿತು.
ಹುರುಳಿ ಹೊಲದವನು ಈಗ ಅಲ್ಲಿ ಏನು ಬಿತ್ತಿದ್ದಾನೆ,
ಕೇಳಿದೆ. ಕಬ್ಬು ಎಂದ.

ಅವನು ಹೋದಮೇಲೆ ಕಲ್ಲಿನ ಮೇಲೆ
ಎರಡು ಕಣಗಿಲೆ, ಎರಡು ಲೋಟ.
ಕತ್ತಲಾಗುತ್ತಿತ್ತು.
ಯಾವುದು ಯಾರ ಲೋಟವೋ ಮರೆತೆ.