ತಲೆ ಒರಗುವ ಜಾಗ

ಅಂಬಳೆಯ ಶೆಡ್ಡಿನಲ್ಲಿ ಮೈದಿನಬ್ಬ
ನನ್ನ ಹಳೇ ಎಸ್ಟೀಮಿನ ಚಾವಣಿಗೆ ಸೀಮೆಸುಣ್ಣ ಹಿಡಿದು
ಗೆರೆ ಎಳೆಯುತ್ತಿದ್ದಾನೆ:
ಇಲ್ಲೊಂದು ಕೊಳವೆ, ಇಲ್ಲೊಂದು, ಅಡ್ಡಕ್ಕೆ ಮತ್ತೊಂದು.
"ಮೂರು ಪಲ್ಟಿ ಹೊಡೆದರೂ, ಅಕ್ಕ,
ತತ್ತಿಯೊಳಗೆ ಭಂಡಾರ ಕೂತ ಹಾಗೆ ಕೂತಿರ್ತೀರಿ."
ಭಂಡಾರ ಕಲಕುವುದು
ಚಿಪ್ಪು ಒಡೆಯದೆಯೂ ಆಗುತ್ತದೆ ಅಂತ
ಬಾಯಿಗೆ ಬಂತು. ಚಹಾ ಕುಡಿದೆ.

ಭಾನುವಾರದ ಕೆಮ್ಮಣ್ಣಿನ ಬಯಲಲ್ಲಿ
ನಾನು ಗಡಿಯಾರದ ಜೊತೆ ಜಗಳಕ್ಕೆ ನಿಂತವಳು.
ಎರಡು ನಿಮಿಷ ಹನ್ನೊಂದು ಸೆಕೆಂಡು.
ಹೋದ ಸಲ ಹಿಂದಿನ ಟೈರು ಬದುವಿಗೆ ತಾಗಿ
ಆಕಾಶ ಕಿಟಕಿಯ ಕೆಳಗೆ ಇಳಿದು, ಏನೋ ನೋಡಿ,
ಮತ್ತೆ ತನ್ನ ಜಾಗಕ್ಕೆ ಹೋಯಿತು.
ಧೂಳು ಕೂತ ಮೇಲೆ ಕೈ ನಡುಗಿದ್ದು
ಯಾರಿಗೂ ಕಾಣಲಿಲ್ಲ. ಕೈಗವಸು ಇತ್ತು.

ಸೋಮವಾರದಿಂದ ಇದೇ ಕಾರು
ಜಿಲ್ಲಾಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಒಯ್ಯುತ್ತದೆ ನನ್ನ.
ಕೈಮರದ ತಿರುವಿನಿಂದ, ಕಡೂರು ರಸ್ತೆಯಿಂದ
ಸ್ಟ್ರೆಚರಿನಲ್ಲಿ ಬರುವ ತಲೆಗಳನ್ನು
"ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದು
ನೆರಳು ಮಾಡಿ ಕಳಿಸುವುದು ನನ್ನ ಸಂಬಳ.
"ಏನು ತಾಗಿತು?" ಅಂದರೆ
ಯಾರಿಗೂ ನೆನಪಿರುವುದಿಲ್ಲ.
ಮೂಳೆಗೆ ಇರುತ್ತದೆ.

ಹಾಸನದ ಅಂಗಡಿಯವನು ಕೆಂಪು ಬೆಲ್ಟು ಬಿಚ್ಚಿ ತೋರಿಸಿದ್ದ,
ಆರು ಕಡೆ ಕಚ್ಚಿ ಹಿಡಿಯುವಂಥದು. "ಖದರ್ ನೋಡಿ ಮೇಡಂ."
ನಾನು ಅಂಚಿನ ಚೀಟಿ ಮಗುಚಿ ನೋಡಿದೆ.
ಅದರ ಆಯಸ್ಸು ಹೋದ ವರ್ಷದ ಶ್ರಾವಣಕ್ಕೇ ತೀರಿತ್ತು.
ತೀರದಿದ್ದರೂ ಅದೊಂದು ವಿಚಿತ್ರ ನಂಟು:
ಬೆಲ್ಟು ಬೆನ್ನನ್ನು ನೆಟ್ಟಗೆ ಕೂರಿಸುತ್ತದೆ,
ಕಾರು ಮಗುಚಿ ಚಾವಣಿ ಕುಸಿದರೆ
ಬಗ್ಗಲು ಬಿಡುವುದಿಲ್ಲ.
ಹಾಗಾಗಿ ಬೆಲ್ಟು ಬೇಕೆಂದರೆ ಪಂಜರ ಬೇಕು.
ಪಂಜರ ಬೇಕೆಂದರೆ ಹೆಲ್ಮೆಟ್ಟು ಬೇಕು,
ಹೆಲ್ಮೆಟ್ಟಿನ ಭಾರಕ್ಕೆ ಕುತ್ತಿಗೆಗೊಂದು ಆಸರೆ.
ಒಂದು ಸುಳ್ಳಿಗೆ ಇನ್ನೊಂದು ಕಟ್ಟಿಕೊಂಡು ಬಂದ ಹಾಗೆ
ಒಂದು ರಕ್ಷೆಗೆ ಇನ್ನೊಂದು.

ಟ್ರ್ಯಾಕಿನಲ್ಲಿ ಸರಿ. ಎಲ್ಲ ತೊಟ್ಟು
ನಾನೊಬ್ಬಳೇ ಕೂರುತ್ತೇನೆ.
ಆದರೆ ಧರಣೇಶ?

ಬಸ್ ಡಿಪೋದ ರಾತ್ರಿ ಪಾಳಿ ಮುಗಿಸಿ
ಬೆಳಗಿನ ಆರಕ್ಕೆ ಎಡಗಡೆ ಸೀಟಿಗೆ ಬೀಳುತ್ತಾನೆ.
ಬೆಲ್ಟು ಮಾತ್ರ ನಿದ್ದೆಗಣ್ಣಲ್ಲೂ ಹಾಕುತ್ತಾನೆ, ಪಾಪ.
ಆಮೇಲೆ ಅವನ ತಲೆ
ಒದ್ದೆ ಗೋಣಿಚೀಲದಂತೆ ನಿಧಾನಕ್ಕೆ ಜಾರಿ
ಕಿಟಕಿಯ ಮೇಲಂಚಿಗೆ ಒರಗುತ್ತದೆ.
ಹನ್ನೆರಡು ವರ್ಷದ ಎಣ್ಣೆಯಿಂದ
ಅಲ್ಲೊಂದು ಮಸುಕು ಚಂದ್ರ ಮೂಡಿದೆ,
ಎಷ್ಟು ಒರೆಸಿದರೂ ಹೋಗದ್ದು.

ಮೈದಿನಬ್ಬನ ಸೀಮೆಸುಣ್ಣದ ಗೆರೆ
ನೇರ ಅದರ ಮೇಲೇ ಹೋಗುತ್ತಿದೆ.

"ಸ್ಪಂಜು ಸುತ್ತೋಣ, ಅಕ್ಕ."
ಬೆರಳಲ್ಲಿ ಒತ್ತಿದೆ. ಒಳಗೆ ಉಕ್ಕು ಸಿಕ್ಕಿತು.
ಹೆಲ್ಮೆಟ್ಟಿಲ್ಲದ ತಲೆಗೆ ಅದು ಏನು ಮಾಡುತ್ತದೆಂದು
ನನಗೆ ಗೊತ್ತು, ಎರಡು ಕೋನಗಳಿಂದ ಗೊತ್ತು.
"ಹಾಗಾದರೆ ಅವರಿಗೂ ಒಂದು ಹೆಲ್ಮೆಟ್ಟು ತನ್ನಿ!"
ಇಬ್ಬರೂ ನಕ್ಕೆವು.
ಹೆಲ್ಮೆಟ್ಟು ಹಾಕಿಕೊಂಡು ತರಕಾರಿ ಸಂತೆಗೆ ಹೊರಟ ಗಂಡ.

ಗೆರೆ ಒರೆಸಲು ಹೇಳಿದೆ.
ಬದಲಿಗೆ ಹೊಸ ಬ್ರೇಕು, ಹಿಡಿತವಿರುವ ಟೈರು,
ಸೀಟಿನ ಕೆಳಗೆ ಬೋಲ್ಟು ಬಿಗಿದ ಬೆಂಕಿ ಆರಿಸುವ ಸಿಲಿಂಡರು,
ಕಂಪನಿಯವರೇ ಕೊಟ್ಟ ಮೂರು ತುದಿಯ ಬೆಲ್ಟಿಗೆ ಹೊಸ ಪಟ್ಟಿ.
ನನ್ನ ತಲೆಗೆ ಮಾತ್ರ ಒಳ್ಳೆಯದೊಂದು ಹೆಲ್ಮೆಟ್ಟು,
ಕೆನ್ನೆಗೆ ಅದುಮಿ ಕೂರುವಂಥದು.
ಮೈದಿನಬ್ಬನ ಮುಖ ಸಣ್ಣದಾಯಿತು.
"ಆ ಬದುವಿನ ತಿರುವಿಗೆ ಇದು ಸಾಲಲ್ಲ, ಅಕ್ಕ."
ಸಾಲಲ್ಲ. ಅಲ್ಲಿ ಕಾಲು ತೆಗೆಯುತ್ತೇನೆ.
ಎರಡು ನಿಮಿಷ ಹದಿನಾಲ್ಕು.
ಮೂರು ಸೆಕೆಂಡಿನ ಹೊಟ್ಟೆಕಿಚ್ಚು
ಇನ್ನೂ ಇದೆ, ಸುಳ್ಳು ಯಾಕೆ.

ತಂದಿಟ್ಟ ಕೊಳವೆಯ ಮೇಲೆ ಈಗ
ಶೆಡ್ಡಿನ ಹುಡುಗರ ಅಂಗಿ ಒಣಗುತ್ತಿವೆ.

ಇವತ್ತು ಬೆಳಿಗ್ಗೆ ಬೇಲೂರು ರಸ್ತೆ, ಮಂಜು,
ಬಣ್ಣ ಮಾಸಿದ ಒಂದು ಹಂಪು ಕಾಣಲಿಲ್ಲ.
ಪಕ್ಕದಲ್ಲಿ ಅವನ ತಲೆ ಎದ್ದು ಬಿದ್ದು

ಟುಕ್.

ಗೊರಕೆ ನಿಲ್ಲಲಿಲ್ಲ.
ಗೇರು ಬದಲಿಸಿದೆ.
ಗಾಜು. ಬರೀ ಗಾಜು.